ಬೀಗದ ಕೈ ಮೇಸ್ತ್ರಿಯ ಹತ್ತಿರ

ಮೂರು ವಾರದ ಹಿಂದೆ ಒಂದು ಭಾನುವಾರ ಊಟಕ್ಕೆ ಕೂತಿದ್ದೆವು. ಅಪ್ಪ ಫೋನ್ ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ಬ್ಯಾಂಕಿನ ಆ್ಯಪ್ ತೆರೆಯುತ್ತಿಲ್ಲ. "ನಿಮ್ಮ ಆಂಡ್ರಾಯ್ಡ್ ಹಳೆಯದಾಯಿತು, ಅಪ್‌ಡೇಟ್ ಮಾಡಿ" ಅಂತ ಬರುತ್ತದೆ. ಸೆಟ್ಟಿಂಗ್ಸಿಗೆ ಹೋಗಿ ಅಪ್‌ಡೇಟ್ ಒತ್ತಿದರೆ "ನಿಮ್ಮದು ಲೇಟೆಸ್ಟ್ ಇದೆ" ಅನ್ನುತ್ತದೆ. ಎರಡೂ ಮಾತು ಒಂದೇ ಫೋನಿನಲ್ಲಿ!

ಫೋನಿಗೆ ಏನೂ ಆಗಿಲ್ಲ. ಗಾಜಿನ ಮೇಲೆ ಒಂದು ಗೀರಿಲ್ಲ. ಅಪ್ಪ ಅದನ್ನು ಬಿಳಿ ಪಂಚೆಯಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಕಳೆದ ವರ್ಷ ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ ಬ್ಯಾಟರಿಯನ್ನೂ ಹೊಸದು ಹಾಕಿಸಿದ್ದರು. ಈ ಸಲ ಅದೇ ಅಂಗಡಿಗೆ ಹೋದರೆ, "ಇದಕ್ಕೆ ಎಂತ ಮಾಡ್ಲಿಕ್ಕೂ ಇಲ್ಲ ಸರ್, ಹೊಸದು ತೆಗೊಳ್ಳಿ" ಅಂದನಂತೆ.

ಅಕ್ಕನ ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಸಾರನ್ನ ಕಲಸುತ್ತಾ, "ಅಜ್ಜ, ಕಸ್ಟಮ್ ರಾಮ್ ಹಾಕುವಾ" ಅಂದ. "ಯಾವ ರಾಮ?" ಅಂತ ಅಮ್ಮ ಅಡುಗೆಮನೆಯಿಂದ. ಕಂಪನಿಯ ಆಂಡ್ರಾಯ್ಡ್ ತೆಗೆದು ಬೇರೆಯವರು ಕಟ್ಟಿದ್ದನ್ನು ಹಾಕುವುದಕ್ಕೆ ಹಾಗೆ ಹೆಸರು. ಊಟ ಮುಗಿಸಿ ನಾನೂ ಅವನೂ ಹುಡುಕಿದೆವು. ಆ ಮಾಡೆಲ್‌ಗೆ ಬೂಟ್‌ಲೋಡರ್, ಅಂದರೆ ಫೋನಿನ ಒಳಬೀಗ, ಅನ್‌ಲಾಕ್ ಮಾಡಲು ಕಂಪನಿ ದಾರಿಯೇ ಕೊಟ್ಟಿಲ್ಲ. ಹಾಗಾಗಿ ಯಾವ ರಾಮನೂ ಬರುವ ಹಾಗಿಲ್ಲ.

ಅಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ದುಡ್ಡು ಕೊಟ್ಟದ್ದು ನಾನು. ಮತ್ತೆ ಬಾಗಿಲು ತೆಗೀಲಿಕ್ಕೆ ಅವರ ಪರ್ಮಿಷನ್ ಯಾಕೆ?"

ಇಷ್ಟು ಉದ್ದ ಬರೆಯಲು ಕೂತದ್ದು ಆ ಪ್ರಶ್ನೆಯಿಂದ. ಮನೆ ಕಟ್ಟಿಸಿದ್ದು ನಾವು, ಕಂತು ಕಟ್ಟಿದ್ದು ನಾವು, ಬೀಗದ ಕೈ ಮಾತ್ರ ಮೇಸ್ತ್ರಿಯ ಹತ್ತಿರ. ಮಾಡು ಸೋರಿದರೆ ಅವನೂ ಬರುವುದಿಲ್ಲ, ಬೇರೆಯವರನ್ನು ಕರೆಸಲೂ ಬಿಡುವುದಿಲ್ಲ. ನಮ್ಮ ಹೆಚ್ಚಿನವರ ಕಿಸೆಯಲ್ಲಿರುವ ಫೋನಿನ ಕತೆ ಇದೇ.

ಫೋನಿನ ಬೀಗ ತೆಗೆಯುವ ಹುಚ್ಚು ನನಗೆ ಹತ್ತಿದ್ದು 2011ರ ಆಸುಪಾಸಿನಲ್ಲಿ. ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು, ಬೆಂದೂರ್‌ವೆಲ್‌ನಲ್ಲಿ ರೂಮ್. ಮೊದಲ ಆಂಡ್ರಾಯ್ಡ್ ಫೋನ್ ತೆಗೆದುಕೊಂಡಿದ್ದೆ. ಜಿಂಜರ್‌ಬ್ರೆಡ್, ಅಂದರೆ 2.3. ಮನೆಗೆ ಬಂದು ಖುಷಿಯಲ್ಲಿ ಕನ್ನಡ ಪತ್ರಿಕೆಯ ಸೈಟ್ ತೆರೆದೆ. ಪುಟದ ತುಂಬ ಬಾಕ್ಸ್, ಬಾಕ್ಸ್, ಬಾಕ್ಸ್. ಇಂಗ್ಲಿಷ್ ಸರಿ, ಚೈನೀಸ್ ಸರಿ, ಕನ್ನಡ ಮಾತ್ರ ಇಲ್ಲ. ಆಗ ಒಪೆರಾ ಮಿನಿಯಲ್ಲಿ ಒಂದು ಗುಟ್ಟು ಓಡಾಡುತ್ತಿತ್ತು. ವಿಳಾಸದ ಜಾಗದಲ್ಲಿ ಒಪೆರಾ ಕಾನ್ಫಿಗ್ ಅಂತ ಹಾಕಿ, ಬಿಟ್‌ಮ್ಯಾಪ್ ಫಾಂಟ್ ಎನ್ನುವ ಸಾಲಿಗೆ ಯೆಸ್ ಕೊಟ್ಟರೆ ಕನ್ನಡ ಅಕ್ಷರಗಳು ಚಿತ್ರದ ಹಾಗೆ ಬಂದು ಕೂರುತ್ತಿದ್ದವು. ಆ ದಿನಗಳಲ್ಲಿ ಫೋನಿನಲ್ಲಿ ಕನ್ನಡ ಓದಿದವರಿಗೆ ನೆನಪಿರಬಹುದು.

ಆದರೆ ಮೆಸೇಜಿನಲ್ಲಿ ಬಂದ ಕನ್ನಡ? ಅದಕ್ಕೆ ರೂಟ್ ಬೇಕಿತ್ತು. ಫೋನಿನೊಳಗೆ ಸಿಸ್ಟಮ್, ಅದರೊಳಗೆ ಫಾಂಟ್ಸ್ ಎಂಬ ಫೋಲ್ಡರ್. ಅಲ್ಲಿ ಡ್ರಾಯ್ಡ್‌ಸ್ಯಾನ್ಸ್‌ಫಾಲ್‌ಬ್ಯಾಕ್ ಅಂತ ಒಂದು ಫೈಲ್. ಅದನ್ನು ತೆಗೆದು, ಕನ್ನಡ ಇರುವ ಫಾಂಟಿಗೆ ಅದೇ ಹೆಸರಿಟ್ಟು ಕೂರಿಸಬೇಕು. ಕಂಪನಿ ಆ ಫೋಲ್ಡರನ್ನು ನೋಡಲು ಬಿಡುತ್ತದೆ, ಮುಟ್ಟಲು ಬಿಡುವುದಿಲ್ಲ. ಮುಟ್ಟುವ ಹಕ್ಕು ಪಡೆಯುವುದಕ್ಕೇ ರೂಟ್ ಮಾಡುವುದು ಅಂತ ಹೆಸರು. ರಾತ್ರಿ ಒಂದು ಗಂಟೆಗೆ ರೀಬೂಟ್ ಕೊಟ್ಟು ಉಸಿರು ಬಿಗಿಹಿಡಿದು ಕೂತೆ. ಬಂತು! ಅಕ್ಷರ ಬಂತು. ಒತ್ತಕ್ಷರ ಬರಲಿಲ್ಲ. "ಅಕ್ಕ" ಅನ್ನುವುದು "ಅಕ್‌ಕ" ಆಗಿತ್ತು. "ಕನ್ನಡ" ಕೂಡ "ಕನ್‌ನಡ". ಫಾಂಟ್ ಇದ್ದರೆ ಸಾಲದು, ಅಕ್ಷರ ಜೋಡಿಸುವ ಎಂಜಿನ್ನಿಗೂ ಕನ್ನಡ ಗೊತ್ತಿರಬೇಕು ಅಂತ ಅವತ್ತು ತಿಳಿಯಿತು. ಆದರೂ ಬಾಕ್ಸ್‌ಗಿಂತ "ಅಕ್‌ಕ" ವಾಸಿ ಅಲ್ವಾ. ಗೂಗಲ್ ಕನ್ನಡವನ್ನು ಆಂಡ್ರಾಯ್ಡ್ ಒಳಗೇ ತಂದದ್ದು 2012ರ ಜೆಲ್ಲಿ ಬೀನ್‌ನಲ್ಲಿ.

ಹಳೇ ಕತೆ ಅನ್ನಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16ರಲ್ಲಿ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ನಂಬರ್ ಕೊಡುವ ಪಟ್ಟಿಯಲ್ಲಿ, ತುಳು-ತಿಗಳಾರಿ ಲಿಪಿ ಸೇರಿತು. ನಮ್ಮ ಜಿಲ್ಲೆಗೆ ಹಬ್ಬದಂಥ ಸುದ್ದಿ. ನನ್ನ ಫೋನಿನಲ್ಲಿ ಆ ಅಕ್ಷರಗಳನ್ನು ನೋಡಲು ಹೋದೆ. ಮತ್ತದೇ ಬಾಕ್ಸ್, ಬಾಕ್ಸ್, ಬಾಕ್ಸ್. ರೂಟ್ ಆದ ಫೋನಿದ್ದರೆ ಫಾಂಟ್ ತಂದು ಸೇರಿಸಿಕೊಳ್ಳಬಹುದು. ಇಲ್ಲದಿದ್ದರೆ ಯಾವುದೋ ದೇಶದ ಆಫೀಸಿನಲ್ಲಿ ಯಾರಿಗೋ ತುಳುವಿನ ನೆನಪಾಗುವವರೆಗೆ ಕಾಯಬೇಕು.

ಈಗ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲರೂ ಎಲ್ಲವನ್ನೂ "ರೂಟ್" ಅಂತಲೇ ಕರೆಯುತ್ತಾರೆ, ಆದರೆ ಮೂರೂ ಬೇರೆ. ಬೂಟ್‌ಲೋಡರ್ ಅಂದರೆ ಫೋನ್ ಆನ್ ಆದ ಕೂಡಲೇ ಏಳುವ ಕಾವಲುಗಾರ. ಕಂಪನಿಯ ಸಹಿ ಇರುವ ಸಾಫ್ಟ್‌ವೇರನ್ನು ಮಾತ್ರ ಒಳಗೆ ಬಿಡುತ್ತಾನೆ. ಅವನನ್ನು ಒಪ್ಪಿಸುವುದು ಅನ್‌ಲಾಕ್. ಕಂಪನಿ ಕೊಟ್ಟ ಇಡೀ ಸಿಸ್ಟಮ್ ತೆಗೆದು ಬೇರೆಯವರು ಕಟ್ಟಿದ ಆಂಡ್ರಾಯ್ಡ್ ಹಾಕುವುದು ಕಸ್ಟಮ್ ರಾಮ್. ಯಾವ ಸಿಸ್ಟಮ್ ಇದ್ದರೂ ಅದರಲ್ಲಿ ಯಜಮಾನನ ಹಕ್ಕು ಪಡೆಯುವುದು ರೂಟ್. ಕಸ್ಟಮ್ ರಾಮ್ ಹಾಕಿ ರೂಟ್ ಮಾಡದೇ ಇರಬಹುದು. ನಾನು ಈಗ ಹಾಗೇ ಇರುವುದು.

ಅನ್‌ಲಾಕ್ ಮಾಡಿದರೆ ಫೋನಿನಲ್ಲಿದ್ದ ಎಲ್ಲ ಫೋಟೊ, ಮೆಸೇಜ್ ಅಳಿಸಿಹೋಗುತ್ತದೆ. ಇದನ್ನು ಕಂಪನಿಯ ಕಿರುಕುಳ ಅಂತ ತುಂಬಾ ಜನ ಬಯ್ಯುತ್ತಾರೆ. ಅಲ್ಲ. ಅಳಿಸದಿದ್ದರೆ ಕದ್ದವನು ಅನ್‌ಲಾಕ್ ಮಾಡಿ ನಿಮ್ಮದೆಲ್ಲ ತೆಗೆಯಬಹುದಲ್ವಾ. ಆ ಒಂದು ವಿಷಯದಲ್ಲಿ ನಾನು ಕಂಪನಿಗಳ ಪರ.

ನಾನು ಕೆಡಿಸಿದ ಫೋನಿನ ಕತೆಯನ್ನೂ ಹೇಳಬೇಕು. ಜುಲೈ ತಿಂಗಳು, ಹೊರಗೆ ಧೋ ಅಂತ ಮಳೆ. ನನ್ನದು ಆಗ ಡೆಸ್ಕ್‌ಟಾಪ್ ಕಂಪ್ಯೂಟರ್, ಯುಪಿಎಸ್ ಸತ್ತು ತಿಂಗಳಾಗಿತ್ತು. ಕೇಬಲ್ ಹಾಕಿ ಫ್ಲ್ಯಾಶ್, ಅಂದರೆ ಫೋನಿಗೆ ಹೊಸ ಸಿಸ್ಟಮ್ ತುಂಬಿಸುವುದು, ಶುರು ಮಾಡಿದ್ದೇನೆ, ಅರ್ಧ ಹೋಗಿದೆ, ಟಪ್ ಅಂತ ಕರೆಂಟ್ ಹೋಯಿತು. ಕತ್ತಲೆಯಲ್ಲಿ ಫೋನಿನ ಪರದೆ ಮಾತ್ರ ಬೆಳಗುತ್ತಿತ್ತು. ಅದರಲ್ಲಿ ಕಂಪನಿಯ ಲೋಗೋ. ಬರುತ್ತದೆ, ಹೋಗುತ್ತದೆ, ಬರುತ್ತದೆ, ಹೋಗುತ್ತದೆ. ಬೂಟ್‌ಲೂಪ್ ಅಂದರೆ ಇದೇ. ಅಮ್ಮ ಮೇಣದ ಬತ್ತಿ ಹಿಡಿದು ಬಂದು ನೋಡಿ, "ಸರಿ ಇದ್ದದ್ದನ್ನು ಹಾಳು ಮಾಡಿದಿ ಅಲ್ವಾ?" ಅಂದರು. ಎರಡು ಗಂಟೆ ಕರೆಂಟಿಲ್ಲ. ಆ ಎರಡು ಗಂಟೆ ನಾನು ಅನುಭವಿಸಿದ್ದು ನನಗೇ ಗೊತ್ತು. ಕರೆಂಟ್ ಬಂದ ಮೇಲೆ ವಾಲ್ಯೂಮ್ ಡೌನ್ ಮತ್ತು ಪವರ್ ಒಟ್ಟಿಗೆ ಒತ್ತಿ ಹಿಡಿದೆ. ಫಾಸ್ಟ್‌ಬೂಟ್ ಅಂತ ಬಂತು, ಕಂಪ್ಯೂಟರಿನಿಂದ ಸಿಸ್ಟಮ್ ತುಂಬಿಸುವ ಮೋಡ್ ಅದು. ಜೀವ ಬಂತು. ಬೂಟ್‌ಲೋಡರ್ ಸರಿ ಇರುವವರೆಗೆ ಫೋನ್ ಸತ್ತಿಲ್ಲ, ಮತ್ತೆ ತುಂಬಿಸಬಹುದು. ಅದೇ ಹೋದರೆ ಮಾತ್ರ ನಿಜವಾದ ಇಟ್ಟಿಗೆ.

ಗೆಳೆಯನೊಬ್ಬ ನನಗಿಂತ ದೊಡ್ಡದಾಗಿ ಬಿದ್ದ. ಯಾವುದೋ ಫೈಲ್ ಹಾಕಿ, ಫೋನಿನ ಗುರುತು ಹೇಳುವ ಐಎಂಇಐ ನಂಬರನ್ನೇ ಕಳೆದುಕೊಂಡ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಖಾಲಿ. ಫೋನ್ ಚೆಂದ ಓಡುತ್ತದೆ, ಸಿಗ್ನಲ್ ಇಲ್ಲ. ಆ ನಂಬರ್ ಇರುವ ಇಎಫ್‌ಎಸ್ ಎಂಬ ಭಾಗವನ್ನು ಬ್ಯಾಕಪ್ ಮಾಡಿರಲಿಲ್ಲ. ಅದು ಕೊನೆಗೆ ಅವನ ಮನೆಯಲ್ಲಿ ಹಾಡು ಕೇಳುವ ಡಬ್ಬವಾಯಿತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಾಗ ಇನ್ನೊಂದು ತಮಾಷೆ. ಆಗ ಅದರಲ್ಲಿ 4ಜಿ ಬಿಟ್ಟರೆ ಬೇರೆ ಇರಲಿಲ್ಲ, ಮಾತಾಡಲೂ ವೋಲ್ಟಿ, ಅಂದರೆ 4ಜಿಯಲ್ಲೇ ಕಾಲ್ ಹೋಗುವ ವ್ಯವಸ್ಥೆ, ಬೇಕಿತ್ತು. ಆ ಕಾಲದ ಎಷ್ಟೋ ಕಸ್ಟಮ್ ರಾಮ್‌ಗಳಲ್ಲಿ ವೋಲ್ಟಿ ಇರಲಿಲ್ಲ. ಇಡೀ ಊರು ಪುಕ್ಕಟೆ ಕಾಲ್ ಮಾಡುತ್ತಿದ್ದಾಗ ನಾನು ಜಿಯೋದ ಆ್ಯಪ್ ತೆರೆದು, ಅದು ಕನೆಕ್ಟ್ ಆಗುವುದನ್ನು ಕಾಯುತ್ತಿದ್ದೆ. "ಎಂತ ಮಾರಾಯ ನಿನ್ನ ಫೋನು" ಅಂತ ಎಲ್ಲರೂ ನಕ್ಕರು. ನಗಲಿ ಬಿಡಿ.

ಆದರೂ ಈ ಲೋಕದ ಮೇಲೆ ನನಗೆ ಪ್ರೀತಿ ಹೋಗಿಲ್ಲ. ಯಾಕೆ ಅಂದರೆ, ಅಲ್ಲಿ ಕೆಲಸ ಮಾಡುವವರು. ಒಂದು ಮಾಡೆಲ್ಲಿಗೆ ಎಲ್ಲೋ ಒಬ್ಬ ಹುಡುಗ, ಹೆಚ್ಚಾಗಿ ಕಾಲೇಜಿಗೆ ಹೋಗುವವನು, ಸಂಬಳ ಇಲ್ಲದೆ ರಾತ್ರಿ ಕೂತು ಅದಕ್ಕೆ ಕಸ್ಟಮ್ ರಾಮ್ ಬಿಲ್ಡ್ ಮಾಡುತ್ತಾನೆ. ರಿಲೀಸ್ ಮಾಡುವಾಗ "ಏನು ಕೆಲಸ ಮಾಡುತ್ತಿಲ್ಲ?" ಎಂಬ ಸಾಲಿನ ಮುಂದೆ "ನೀವೇ ಹೇಳಿ" ಅಂತ ಬರೆಯುವುದು ಅವರ ಹಳೇ ತಮಾಷೆ. ಮುಂದಿನದು ಯಾವಾಗ ಅಂತ ಕೇಳಿದರೆ ಮಾತ್ರ ಬೈಗುಳ ಗ್ಯಾರಂಟಿ. 2009ರಲ್ಲಿ ಸ್ಟೀವ್ ಕೊಂಡಿಕ್ ಶುರು ಮಾಡಿದ ಸಯನೋಜೆನ್‌ಮಾಡ್ ಎಂಬ ಕಸ್ಟಮ್ ರಾಮ್ ಹೀಗೇ ಬೆಳೆದದ್ದು. ಆಮೇಲೆ ಅದರ ಹೆಸರಿನಲ್ಲಿ ಕಂಪನಿ ಆಯಿತು, ಭಾರತದಲ್ಲಿ ಆ ಸಾಫ್ಟ್‌ವೇರಿಗಾಗಿ ಮೈಕ್ರೋಮ್ಯಾಕ್ಸ್ ಮತ್ತು ಒನ್‌ಪ್ಲಸ್ 2014ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಜಗಳವಾಡಿದವು. 2016ರ ಕೊನೆಗೆ ಕಂಪನಿ ಅಂಗಡಿ ಮುಚ್ಚಿತು. ದುಡ್ಡಿಲ್ಲದ ಹುಡುಗರು ಮುಚ್ಚಲಿಲ್ಲ. ಅದೇ ಕೋಡ್ ಎತ್ತಿಕೊಂಡು ಲಿನೇಜ್ ಓಎಸ್ ಅಂತ ಮುಂದುವರಿಸಿದರು. ಇವತ್ತಿಗೂ ಓಡುತ್ತಿದೆ.

ಹೌದು, ಬ್ಯಾಂಕ್ ಆ್ಯಪ್. ಎಲ್ಲರೂ ಕೇಳುವುದು ಅದನ್ನೇ. ಅನ್‌ಲಾಕ್ ಆದ ಫೋನಿನಲ್ಲಿ ಹಲವು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಓಡುವುದಿಲ್ಲ. ಮೊದಲು ಸೇಫ್ಟಿನೆಟ್ ಅಂತಿತ್ತು, ಈಗ ಪ್ಲೇ ಇಂಟೆಗ್ರಿಟಿ. ಅಂದರೆ ಗೂಗಲ್ ನಮ್ಮ ಫೋನನ್ನು ಪರೀಕ್ಷೆ ಮಾಡಿ ಆ್ಯಪಿಗೆ ಸರ್ಟಿಫಿಕೇಟ್ ಕೊಡುತ್ತದೆ. ಮ್ಯಾಜಿಸ್ಕ್ ಎಂಬ ರೂಟ್ ಟೂಲ್ ಇಟ್ಟುಕೊಂಡು ಅದರ ಕಣ್ಣು ತಪ್ಪಿಸುವ ಆಟ ವರ್ಷಗಟ್ಟಲೆ ನಡೆದಿದೆ. ಇವತ್ತು ಓಡಿದ್ದು ನಾಳೆ ನಿಲ್ಲುತ್ತದೆ. ಮೀನು ಮಾರ್ಕೆಟಿನಲ್ಲಿ ಬಂಗುಡೆ ತೂಗಿಸಿ ಆದ ಮೇಲೆ ಪೇಮೆಂಟ್ ಆ್ಯಪ್ ಮುಷ್ಕರ ಹೂಡಿದರೆ ಗೊತ್ತಾಗುತ್ತದೆ. ಒಂದು ದಿನ ನಾನು ಬರಿಗೈಯಲ್ಲಿ ಬಂದಿದ್ದೇನೆ.

ಬ್ಯಾಂಕಿನವರಿಗೆ ಹೆದರಿಕೆ ಇರುವುದು ಸುಳ್ಳಲ್ಲ. ರೂಟ್ ಆದ ಫೋನಿನಲ್ಲಿ ಕೆಟ್ಟ ಆ್ಯಪಿಗೆ ಆ ಹಕ್ಕು ಸಿಕ್ಕಿದರೆ ಅದು ಏನನ್ನೂ ನೋಡಬಹುದು. ಆದರೆ ನನಗೆ ಸಿಟ್ಟು ಬರುವುದು ಇಲ್ಲಿ. ಕೊನೆಯ ಸೆಕ್ಯೂರಿಟಿ ಪ್ಯಾಚ್ ಬಂದು ನಾಲ್ಕು ವರ್ಷವಾದ ಫೋನ್, ಬೀಗ ಮಾತ್ರ ಗಟ್ಟಿ, ಹಲವು ಆ್ಯಪ್‌ಗಳು ಅದನ್ನು ಸುರಕ್ಷಿತ ಅನ್ನುತ್ತವೆ. ಅದೇ ಫೋನಿಗೆ ಲಿನೇಜ್ ಹಾಕಿ, ಈ ತಿಂಗಳ ಪ್ಯಾಚ್ ಹಾಕಿ, ರೂಟ್ ಕೂಡ ಮಾಡದೆ ಇಟ್ಟರೆ ಅಪಾಯ ಅನ್ನುತ್ತವೆ. ಮಾಡು ಸೋರುವ ಮನೆ ಪಾಸ್, ಹಂಚು ಬದಲಿಸಿದ ಮನೆ ಫೇಲ್. ಯಾಕೆ? ಹಂಚು ಹಾಕಿದ್ದು ಮೇಸ್ತ್ರಿ ಅಲ್ಲ, ಅದಕ್ಕೆ.

ಹಾಗಂತ ಎಲ್ಲರೂ ಅನ್‌ಲಾಕ್ ಮಾಡಿ ಅಂತ ನಾನು ಹೇಳುತ್ತಿಲ್ಲ. ದಿನದ ವ್ಯವಹಾರ ನಡೆಯುವ ಒಂದೇ ಫೋನಿದ್ದರೆ ಮುಟ್ಟಬೇಡಿ. ಒಂದು ಕ್ಲಿಕ್ಕಿನಲ್ಲಿ ರೂಟ್ ಮಾಡುತ್ತೇವೆ ಎನ್ನುವ ಆ್ಯಪ್‌ಗಳ ಹತ್ತಿರವೂ ಸುಳಿಯಬೇಡಿ. ಸ್ಯಾಮ್‌ಸಂಗ್ ಆದರೆ ಇನ್ನೂ ಜಾಗ್ರತೆ. ಬೇರೆ ಸಾಫ್ಟ್‌ವೇರ್ ಹಾಕಿದ್ದನ್ನು ಗುರುತಿಡುವ ಅದರ ನಾಕ್ಸ್ ಫ್ಯೂಸ್ ಒಮ್ಮೆ ಹೋದರೆ ಹೋಯಿತು, ಹಳೇ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಅದು ಸರಿಯಾಗುವುದಿಲ್ಲ. ಬೇಡದ ಆ್ಯಪ್ ತೆಗೆಯುವುದಷ್ಟೇ ನಿಮ್ಮ ಉದ್ದೇಶ ಆದರೆ ರೂಟ್ ಬೇಕಾಗಿಯೇ ಇಲ್ಲ. ಕಂಪ್ಯೂಟರಿಗೆ ಕೇಬಲ್ ಹಾಕಿ ಎಡಿಬಿ ಎಂಬ ಟೂಲಿನಲ್ಲಿ ಒಂದು ಸಾಲಿನ ಕಮಾಂಡ್ ಕೊಟ್ಟರೆ ಸುಮಾರು ಆ್ಯಪ್‌ಗಳು ನಿಮ್ಮ ಕಣ್ಣಿಂದ ಮಾಯ.

ಕಂಪನಿಗಳನ್ನು ನಾನು ಕೇಳುವುದು ಇಷ್ಟೇ. ಅಪ್‌ಡೇಟ್ ಕೊಡುವಷ್ಟು ದಿನ ಬೀಗ ನಿಮ್ಮದೇ ಇರಲಿ, ತಕರಾರಿಲ್ಲ. ಕೊಡುವುದನ್ನು ನಿಲ್ಲಿಸಿದ ದಿನ ಬೀಗದ ಕೈ ನಮಗೆ ಕೊಡಿ. 2023ರಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್ 7 ವರ್ಷದ ಮಾತು ಕೊಟ್ಟಿತು, ಮರುವರ್ಷ ಎಸ್24ಕ್ಕೆ ಸ್ಯಾಮ್‌ಸಂಗ್ ಕೂಡ. ಒಳ್ಳೆಯದೇ. ಆದರೆ ಅವು ಬಂದಾಗ ಅರ್ಧ ಲಕ್ಷ ದಾಟಿದ್ದ ಫೋನು. ಹತ್ತು ಹನ್ನೆರಡು ಸಾವಿರದ್ದು ತೆಗೆದುಕೊಂಡ ಅಪ್ಪನಂಥವರಿಗೆ ಆ ಭಾಗ್ಯ ಎಲ್ಲಿ? ನಮ್ಮ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಬಗ್ಗೆ 2022ರಲ್ಲಿ ಸಮಿತಿ ಮಾಡಿತು, ಪೋರ್ಟಲ್ ಕೂಡ ತೆರೆಯಿತು. ರಿಪೇರಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಡಿಸ್‌ಪ್ಲೇ, ಬ್ಯಾಟರಿ, ಸ್ಪೇರ್ ಪಾರ್ಟ್. ಅಪ್ಪನ ಫೋನಿಗೆ ಅದ್ಯಾವುದೂ ಬೇಡ. ಬೇಕಾದದ್ದು ಸಾಫ್ಟ್‌ವೇರ್ ಒಂದೇ.

ಅಕ್ಕನ ಮಗ ಸುಮ್ನೆ ಕೂರುವವನಲ್ಲ. ಅವನ ಅಪ್ಪನ ಹಳೇ ಫೋನ್ ಒಂದು ಮೂಲೆಯಲ್ಲಿತ್ತು, ಗಾಜು ಒಡೆದದ್ದು. ಅದಕ್ಕೆ ಅನ್‌ಲಾಕ್ ಉಂಟು. ಬಿಲ್ಡ್ ನಂಬರಿನ ಮೇಲೆ ಏಳು ಸಲ ಕುಟ್ಟಿ, ಓಇಎಂ ಅನ್‌ಲಾಕ್ ಎಂಬ ಸೆಟ್ಟಿಂಗ್ ಆನ್ ಮಾಡಿ, ಕಂಪನಿಯ ಟೂಲಿಗೆ ಸೇರಿಸಿದ. "168 ಗಂಟೆ ಕಾಯಿರಿ" ಅಂತ ಬಂತು. ಕಾದ. ಮುಂದಿನ ಭಾನುವಾರ ಲಿನೇಜ್ ಹಾಕಿದ. ಅದಕ್ಕೂ ಮೊದಲು ಇನ್ವರ್ಟರ್ ಓಡುತ್ತದಾ ಅಂತ ನಾನು ಎರಡು ಸಲ ನೋಡಿದೆ.

ಈಗ ಆ ಫೋನ್ ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ. ಸಿಮ್ ಇಲ್ಲ, ವೈಫೈ ಸಾಕು. ಅಮ್ಮ ಸಂಜೆ ಅದರಲ್ಲಿ ತಾಳಮದ್ದಲೆ ಕೇಳುತ್ತಾರೆ. ಮೊನ್ನೆ ಅದಕ್ಕೆ ಹೊಸ ಅಪ್‌ಡೇಟ್ ಬಂತು. ಅಪ್ಪ ಹೊಸ ಫೋನ್ ತೆಗೆದುಕೊಂಡರು. ಗೀರಿಲ್ಲದ ಹಳೇ ಫೋನ್ ಟಿವಿ ಕೆಳಗಿನ ಡ್ರಾಯರಿನಲ್ಲಿದೆ. ಬೆಳಿಗ್ಗೆ ಐದಕ್ಕೆ ಡ್ರಾಯರಿನ ಒಳಗಿಂದ ಅಲಾರಂ ಈಗಲೂ ಹೊಡೆಯುತ್ತದೆ. ಯಾರಪ್ಪಾ ಇದನ್ನು ಚಾರ್ಜ್ ಮಾಡುವುದು ಅಂತ ನೋಡಿದರೆ, ಅಪ್ಪನೇ.