ಸ್ಪಷ್ಟನೆ: ಪೋರ್ಟ್ ಮಾಡಿದ ಸಿ++ ಲೈಬ್ರರಿ ಪೈಥಾನ್‌ಗೆ ತಾನಾಗಿ ಸಿಗುವುದಿಲ್ಲ

‘ವಿಂಡೋಸ್‌ನ ಸಿ++ ಲೈಬ್ರರಿಯನ್ನು ಲಿನಕ್ಸ್‌ಗೆ ಪೋರ್ಟ್ ಮಾಡಿ ಕಂಪೈಲ್ ಮಾಡಿದರೆ ಸಾಕು, ಪೈಥಾನ್‌ನ ಸಿಟೈಪ್ಸ್ ಅದರ ಫಂಕ್ಷನ್‌ಗಳನ್ನು ಹೆಸರು ಹಿಡಿದು ಕರೆಯುತ್ತದೆ’ ಎಂಬ ಸಂದೇಶ ಪ್ರೋಗ್ರಾಮರ್‌ಗಳ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. (ಪೋರ್ಟ್ ಎಂದರೆ ಒಂದು ವ್ಯವಸ್ಥೆಗೆ ಬರೆದ ಕೋಡನ್ನು ಇನ್ನೊಂದಕ್ಕೆ ಹೊಂದಿಸುವುದು; ಸಿಟೈಪ್ಸ್ ಎಂದರೆ ಸಿ ಲೈಬ್ರರಿಗಳ ಫಂಕ್ಷನ್‌ಗಳನ್ನು ಪೈಥಾನ್‌ನಿಂದ ಕರೆಯಲು ಇರುವ ಮಾಡ್ಯೂಲ್.)

ಸಿ++ ಕಂಪೈಲರ್ ಫಂಕ್ಷನ್‌ನ ಹೆಸರಿಗೆ ಆರ್ಗ್ಯುಮೆಂಟ್‌ಗಳ ಟೈಪನ್ನೂ ಬೆಸೆಯುತ್ತದೆ. ಎರಡು ಇಂಟ್ (ಪೂರ್ಣಾಂಕ) ಪಡೆಯುವ ‘ಆ್ಯಡ್’ ಫಂಕ್ಷನ್ ಲಿನಕ್ಸ್‌ನ ಜಿಸಿಸಿ ಕಂಪೈಲರ್‌ನಲ್ಲಿ, ಹೆಸರಿನ ಮುಂದೆ ಅಂಡರ್‌ಸ್ಕೋರ್, ಝಡ್ ಮತ್ತು 3, ಕೊನೆಯಲ್ಲಿ ಎರಡು ‘ಐ’ ಸೇರಿಸಿಕೊಂಡು ಕೂರುತ್ತದೆ. ಲೈಬ್ರರಿಯಲ್ಲಿರುವ ಹೆಸರುಗಳನ್ನು ಪಟ್ಟಿಮಾಡುವ ಎನ್‌ಎಂ ಕಮಾಂಡ್ ಕೊಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ಹಾಗಾಗಿ ಬರೀ ‘ಆ್ಯಡ್’ ಎಂದು ಕೇಳಿದರೆ ಸಿಟೈಪ್ಸ್‌ಗೆ ಅದು ಸಿಗುವುದಿಲ್ಲ. ಹೊರಗಿನಿಂದ ಕರೆಯಬೇಕಾದ ಫಂಕ್ಷನ್‌ಗಳನ್ನು ಎಕ್ಸ್‌ಟರ್ನ್ “ಸಿ” ಎಂದು ಘೋಷಿಸಿ, ಹೆಸರು ಬದಲಾಗದಂತೆ ಉಳಿಸುವುದೇ ಇದಕ್ಕಿರುವ ಸರಿಯಾದ ದಾರಿ.

ಸಂದೇಶ ಹೇಳದೆ ಬಿಟ್ಟಿರುವ ಸಂಗತಿ ಇನ್ನೂ ಅಪಾಯಕಾರಿ. ರೆಸ್‌ಟೈಪ್ (ಹಿಂದಿರುಗಿಸುವ ಮೌಲ್ಯದ ಟೈಪ್) ಸೂಚಿಸದಿದ್ದರೆ ಪ್ರತಿಯೊಂದು ಫಂಕ್ಷನ್ ಇಂಟ್ ಹಿಂದಿರುಗಿಸುತ್ತದೆಂದೇ ಸಿಟೈಪ್ಸ್ ಭಾವಿಸುತ್ತದೆ ಎಂದು ಪೈಥಾನ್‌ನ ಅಧಿಕೃತ ದಾಖಲೆ ಸ್ಪಷ್ಟವಾಗಿ ಹೇಳುತ್ತದೆ. ಇಂಟ್ 32 ಬಿಟ್ ಮಾತ್ರ ಇರುವುದರಿಂದ, ಆಗ 64 ಬಿಟ್ ಪಾಯಿಂಟರ್‌ನ (ಮೆಮೊರಿ ವಿಳಾಸದ) ಮೇಲರ್ಧ ಕತ್ತರಿಸಿಹೋಗಿ, ದೋಷ ಕರೆದ ಸಾಲಿನಲ್ಲಲ್ಲ, ಆ ಪಾಯಿಂಟರನ್ನು ಮುಂದೆಲ್ಲೋ ಬಳಸಿದಾಗ ಸೆಗ್‌ಫಾಲ್ಟ್ (ತಪ್ಪು ಮೆಮೊರಿ ಮುಟ್ಟಿ ಪ್ರೋಗ್ರಾಂ ಕುಸಿಯುವುದು) ಆಗಿ ತೋರುತ್ತದೆ. (ಹುಡುಕಲು ಇದರಷ್ಟು ಸತಾಯಿಸುವ ದೋಷ ವಿರಳ.) ಜೊತೆಗೆ, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್ ಇರುವ ‘ಲಾಂಗ್’ ಎಂಬ ಪೂರ್ಣಾಂಕ ಟೈಪ್ 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್ ಆಗುವುದರಿಂದ, ಸ್ಟ್ರಕ್ಟ್‌ಗಳ (ಹಲವು ಮೌಲ್ಯಗಳನ್ನು ಒಟ್ಟಿಗಿಡುವ ರಚನೆಗಳ) ವಿನ್ಯಾಸವನ್ನೂ ಮರುಪರಿಶೀಲಿಸಬೇಕು.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.