ಮುಖ ತೋರಿಸಿದರೆ ಮೊಟ್ಟೆ

ಸರ್ಕಾರಿ ಶಾಲೆ ಮಕ್ಕಳು ಇನ್ನು ಮುಂದೆ ‘ಪ್ರೆಸೆಂಟ್ ಮಿಸ್’ ಅಂತ ಕೂಗಬೇಕಾಗಿಲ್ಲವಂತೆ. ಮುಖ ತೋರಿಸಿದರೆ ಸಾಕು. ಮೇಡಂ ಕೈಯಲ್ಲಿರುವ ಮೊಬೈಲು ಮುಖ ನೋಡಿ ತಾನೇ ಹಾಜರಿ ಹಾಕಿಕೊಳ್ಳುತ್ತದೆ. ಯೋಜನೆಯ ಹೆಸರು ‘ನಿರಂತರ’. ಸುದ್ದಿ ನೀವೂ ಓದಿರುತ್ತೀರಿ.

ಹೆಸರು ಕೇಳಿ ನನಗೆ ಊರು ನೆನಪಾಯಿತು. ಹಿಂದೆ ಹಳ್ಳಿಗಳ ಕರೆಂಟಿಗೆ ‘ನಿರಂತರ ಜ್ಯೋತಿ’ ಅಂತ ಯೋಜನೆ ಬಂದಿತ್ತಲ್ಲ, ಆ ಹೆಸರು ಕಿವಿಗೆ ಬಿದ್ದ ದಿನವೇ ನಮ್ಮಜ್ಜಿ ಒಂದು ಡಜನ್ ಮೇಣದಬತ್ತಿ ತರಿಸಿಟ್ಟುಕೊಂಡರು. ಹೆಸರು ದೊಡ್ಡದಾದಷ್ಟೂ ಅವರಿಗೆ ಭಯ ಜಾಸ್ತಿ.

ಉದ್ದೇಶ ಒಳ್ಳೆಯದೇ. ಸುಳ್ಳು ಹಾಜರಿ ತೋರಿಸಿ ಹಾಲು, ಮೊಟ್ಟೆಯ ಲೆಕ್ಕ ಬರೆಯುವುದು ತಪ್ಪುತ್ತದಂತೆ. ತಪ್ಪಲಿ. ಆದರೆ ಮುಡಿ ಕೊಟ್ಟು ಬಂದ ಹುಡುಗನ ಗತಿ ಏನು? ಶನಿವಾರ ತಲೆ ತುಂಬ ಕೂದಲಿದ್ದವನು ಸೋಮವಾರ ನುಣ್ಣಗೆ ಬೋಳಿಸಿಕೊಂಡು, ಗಂಧ ಬಳಿದುಕೊಂಡು ಬಂದು ನಿಂತರೆ ಮೊಬೈಲಿಗೆ ಗುರುತು ಸಿಗುತ್ತಾ? ಮುಂದಿನ ಎರಡು ಹಲ್ಲು ಬಿದ್ದವನಿಗೆ? ಮಂಗನಬಾವು ಬಂದು ಕೆನ್ನೆ ಊದಿದವಳಿಗೆ?

ಹೋಗಲಿ, ಗುರುತು ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಬೇಕಾದಷ್ಟಿದ್ದಾರೆ. ಕಟ್ಟಡ ಮುಗಿದರೆ ಶೆಡ್ಡು ಎತ್ತುತ್ತಾರೆ. ಶೆಡ್ಡು ಎತ್ತಿದ ದಿನ ಮಗುವಿನ ಶಾಲೆಯೂ ಮುಗಿಯಿತು. ಮೊಬೈಲು ಆ ಮಗು ಬಂದಿಲ್ಲ ಅಂತ ತೋರಿಸುತ್ತದೆ, ಸರಿ. ಅದು ಮೇಡಂಗೆ ಮೊದಲೇ ಗೊತ್ತು. ಪಕ್ಕ ಕೂರುತ್ತಿದ್ದ ಹುಡುಗಿಗೂ ಗೊತ್ತು. ‘ಅವ್ರು ಹೊರಮಾವಿಗೆ ಹೋದ್ರು ಮಿಸ್’ ಅಂತ ಅವಳೇ ಹೇಳುತ್ತಾಳೆ. ಅವಳಿಗೆ ಚಾರ್ಜು ಬೇಡ, ನೆಟ್‌ವರ್ಕ್ ಬೇಡ. ಹೊರಮಾವಿನಲ್ಲಿ ಆ ಮಗುವನ್ನು ಹುಡುಕಿ ಅಲ್ಲಿನ ಶಾಲೆಗೆ ಸೇರಿಸುವ ಆ್ಯಪ್ ಯಾವಾಗ ಬರುತ್ತದೋ ಅಂತ ನಾನು ಕಾಯುತ್ತಿದ್ದೇನೆ.

ಮೊಟ್ಟೆ ಅಂದೆನಲ್ಲ, ಅದರ ಲೆಕ್ಕ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಒಂದು ಮೊಟ್ಟೆಗೆ ಸರ್ಕಾರ ಗೊತ್ತುಮಾಡಿದ ಹಣ 6 ರೂಪಾಯಿ. ಅದರಲ್ಲಿ ಮೊಟ್ಟೆಗೆ 5 ರೂಪಾಯಿ 20 ಪೈಸೆ. ಬೇಯಿಸುವ ಗ್ಯಾಸಿಗೆ 50 ಪೈಸೆ. ಸಿಪ್ಪೆ ಸುಲಿಯುವ ಕೂಲಿ 30 ಪೈಸೆ.

30 ಪೈಸೆ! ಈ ಅಂಕಿ ಎಲ್ಲಿಂದ ಬಂತು ಅಂತ ನಾನು ಬಹಳ ಯೋಚಿಸಿದ್ದೇನೆ. ಯಾವುದೋ ಕಚೇರಿಯಲ್ಲಿ ಒಬ್ಬ ದೊಡ್ಡ ಸಾಹೇಬರು ಬೇಯಿಸಿದ ಮೊಟ್ಟೆ ಎದುರಿಗಿಟ್ಟುಕೊಂಡು ಕೂತಿರಬೇಕು. ಪಕ್ಕದಲ್ಲಿ ಗಡಿಯಾರ ಹಿಡಿದ ಕೆಳಗಿನ ಸಾಹೇಬರು. ‘25 ಪೈಸೆ ಸಾಕಲ್ವಾ ಸರ್?’ ‘ಬೇಡ ಪಾಪ, ಉಗುರು ಸವೆಯುತ್ತೆ, ಇನ್ನೊಂದೈದು ಪೈಸೆ ಹಾಕು.’ ಕರುಣೆ ಅಂದರೆ ಇದು. 25 ಪೈಸೆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಯಿತು. 50 ಪೈಸೆ ಕಾನೂನಿನಲ್ಲಿ ಇದೆ, ಅಂಗಡಿಯಲ್ಲಿ ಇಲ್ಲ. ಅಂದರೆ ಒಂದು ಮೊಟ್ಟೆ ಸುಲಿದವರಿಗೆ ಕೈಗೆ ಕೂಲಿ ಕೊಡುವುದೇ ಸಾಧ್ಯವಿಲ್ಲ. ಹತ್ತು ಸುಲಿದರೆ 3 ರೂಪಾಯಿ, ಅಷ್ಟಾದರೆ ಚಿಲ್ಲರೆ ಸಿಗುತ್ತದೆ. ಸಿಪ್ಪೆ ಜೊತೆ ಬಿಳಿಯೂ ಕಿತ್ತು ಬಂದರೆ ಎಷ್ಟು ಕಟ್ ಮಾಡಬೇಕು ಅಂತ ಇನ್ನೊಂದು ಸುತ್ತೋಲೆ ಬರಬಹುದು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಅದನ್ನು ಅವರೇ ಸುಲಿದುಕೊಳ್ಳುತ್ತಾರೆ. ಸ್ವಾವಲಂಬನೆ.

ನಮ್ಮ ಬೀದಿ ಕೊನೆಯ ಅಂಗಡಿಯಲ್ಲಿ ಮೊಟ್ಟೆ 7 ರೂಪಾಯಿ. ಉಳಿದದ್ದು ಎಲ್ಲಿಂದ ಬರಬೇಕು ಅಂತ ಕೇಳಬೇಡಿ. ಹೆಡ್‌ಮಾಸ್ಟರ್‌ಗಳಿಗೆ ಜೇಬಿದೆ.

ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ಮೇಡಂ ಇದ್ದಾರೆ. ಸರ್ಕಾರಿ ಶಾಲೆ, ಒಂದರಿಂದ ಮೂರನೇ ಕ್ಲಾಸು, ಎಲ್ಲಾ ಒಂದೇ ರೂಮಿನಲ್ಲಿ. ಅವರ ಮೊಬೈಲು ಬೆಳಗ್ಗೆ ಏಳಕ್ಕೇ ಕೂಗಲು ಶುರು ಮಾಡುತ್ತದೆ. ಸಿಆರ್‌ಪಿ, ಬಿಇಒ ಅಂತ ಶಿಕ್ಷಣ ಇಲಾಖೆಯ ಮೇಲಿನವರ ಗ್ರೂಪುಗಳು, ಬಿಸಿಯೂಟದ ಗ್ರೂಪು. ‘ತುರ್ತು’ ಅಂತ ಬಂದರೆ ಅವರು ಕಾಫಿ ಮುಗಿಸಿ ನೋಡುತ್ತಾರೆ. ‘ಅತಿ ತುರ್ತು’ ಅಂತ ಬಂದರೆ ತಿಂಡಿ ಮುಗಿಸಿ ನೋಡುತ್ತಾರೆ. ‘ಅತಿ ತುರ್ತು ಅಂದ್ರೆ ಹೋದ ತಿಂಗಳೂ ಇದನ್ನೇ ಕಳಿಸಿದ್ದೀವಿ ಅಂತ ಅರ್ಥ ಸರ್’ ಅಂತ ಅವರೇ ನನಗೆ ಹೇಳಿಕೊಟ್ಟರು. ಮತದಾರರ ಪಟ್ಟಿ ಬಂದಾಗ ಅವರು ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ. ಉಳಿದ ದಿನ ಮಕ್ಕಳ ವಿವರ ಇಡುವ ‘ಸ್ಯಾಟ್ಸ್’ ಅನ್ನುವ ಸರ್ಕಾರಿ ತಂತ್ರಾಂಶಕ್ಕೆ ಮಾಹಿತಿ ತುಂಬುವವರು. ನಡುವೆ ಸಮಯ ಸಿಕ್ಕರೆ ಶಿಕ್ಷಕಿ.

2025ರ ಅಕ್ಟೋಬರ್‌ನಲ್ಲಿ ಅದೂ ಸಿಗಲಿಲ್ಲ. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಹೆಸರಿನಲ್ಲೇ ‘ಶೈಕ್ಷಣಿಕ’ ಇತ್ತು. ಅದಕ್ಕಾಗಿ ಶಿಕ್ಷಣ ನಿಲ್ಲಿಸಿದರು. ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆದರು. ಮೇಡಂ ಮನೆ ಮನೆ ಹತ್ತಿ ಇಳಿದರು. ಒಂದೊಂದು ಮನೆಗೆ 60 ಪ್ರಶ್ನೆ. ಕುರಿ ಎಷ್ಟು, ಕೋಳಿ ಎಷ್ಟು, ಫ್ರಿಜ್ ಇದೆಯಾ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ತಮ್ಮ ಮನೆಗೆ ಬಂದವರ ಮುಂದೆ ಇಷ್ಟೊಂದು ಪ್ರಶ್ನೆಯಾ ಅಂತ ಬೇಸರ ಮಾಡಿಕೊಂಡಿದ್ದನ್ನು ಟಿವಿಯಲ್ಲಿ ನೋಡಿದೆವು. ಅವರಿಗೇ ಹಾಗಾದರೆ ನಮ್ಮ ಅಪಾರ್ಟ್‌ಮೆಂಟಿನವರು ಬಿಡುತ್ತಾರಾ? ನಾಲ್ಕನೇ ಮಹಡಿಯ ಅಂಕಲ್ ಬಾಗಿಲ ಸಂದಿಯಿಂದಲೇ ಉತ್ತರ ಕೊಟ್ಟರು. ಚೈನು ತೆಗೆಯಲಿಲ್ಲ. ನೀರು ಬೇಕಾ ಅಂತಲೂ ಕೇಳಲಿಲ್ಲ. ಕೊನೆಗೆ ಮೇಡಂಗೆ ನಮ್ಮ ಬೀದಿಯಲ್ಲಿ ಎಷ್ಟು ಕೋಳಿ ಇವೆ ಅಂತ ಕರಾರುವಾಕ್ಕಾಗಿ ಗೊತ್ತಾಯಿತು. ಒಂದೂ ಇಲ್ಲ.

2024ರ ಫೆಬ್ರವರಿ ನೆನಪಿದೆಯಾ? ವಸತಿ ಶಾಲೆಗಳ ಬಾಗಿಲ ಮೇಲಿದ್ದ ‘ಕೈಮುಗಿದು ಒಳಗೆ ಬಾ’ ಹೋಗಿ ‘ಧೈರ್ಯವಾಗಿ ಪ್ರಶ್ನಿಸಿ’ ಅಂತಾಯಿತು. ಎಷ್ಟು ಗಲಾಟೆ, ಎಷ್ಟು ಚರ್ಚೆ! ಈಗ ನೋಡಿದರೆ ಆ ಸಾಲು ಮಕ್ಕಳಿಗಲ್ಲ, ಟೀಚರ್‌ಗಳಿಗೇ ಬರೆದಿದ್ದು ಅನಿಸುತ್ತದೆ. 60 ಪ್ರಶ್ನೆ, ಚೈನ್ ಹಾಕಿದ ಬಾಗಿಲು. ಧೈರ್ಯ ಬೇಕೇ ಬೇಕು. ಅದಕ್ಕೂ ಮೊದಲು, 2022ರ ನವೆಂಬರ್‌ನಲ್ಲಿ, ಆಗಿನ ಸರ್ಕಾರ ಹೊಸ ಕೊಠಡಿಗಳಿಗೆ ‘ವಿವೇಕ’ ಅಂತ ಹೆಸರಿಟ್ಟು ಕೇಸರಿ ಬಳಿಯಲು ಹೊರಟಿತ್ತು. ಅದರ ಹಿಂದಿನ ತಿಂಗಳಷ್ಟೇ, ಅಪ್ಪ ಅಮ್ಮಂದಿರಿಂದ ತಿಂಗಳಿಗೆ 100 ರೂಪಾಯಿ ಪಡೆಯಬಹುದು ಅಂತ ಸುತ್ತೋಲೆ ಹೊರಡಿಸಿ, ಬೈಸಿಕೊಂಡು ವಾಪಸ್ ತೆಗೆದುಕೊಂಡಿದ್ದರು. ಹೀಗೆ ಗೋಡೆ ಒಬ್ಬರ ಪಾಲಿಗೆ ಬಂತು, ಬಾಗಿಲು ಇನ್ನೊಬ್ಬರ ಪಾಲಿಗೆ. ಬೋರ್ಡಿನ ಮುಂದೆ ನಿಲ್ಲಬೇಕಾದ ಮೇಷ್ಟ್ರು ಮಾತ್ರ ಯಾರ ಪಾಲಿಗೂ ಬರಲಿಲ್ಲ. ಆ ಜಾಗಕ್ಕೆ ಅತಿಥಿ ಶಿಕ್ಷಕರು. 2025-26ಕ್ಕೆ 51 ಸಾವಿರ ಅತಿಥಿಗಳು! ಅತಿಥಿ ಅಂದರೆ ಬಂದು ಹೋಗುವವರು. ಕೆಲವರು ಹತ್ತು ವರ್ಷದಿಂದ ಬಂದು ಹೋಗುತ್ತಲೇ ಇದ್ದಾರೆ.

ನನಗೆ ಇಷ್ಟೆಲ್ಲ ಮಾತಾಡುವ ಹಕ್ಕಿದೆಯಾ? ನನ್ನ ಮಗ ಓದುವುದು ಖಾಸಗಿ ಶಾಲೆಯಲ್ಲಿ. ನಿಮ್ಮದೂ ಅದೇ ಕಥೆ ಇರಬಹುದು. ಮೇಲಿನ ಮನೆ ಮೇಡಂ ಮಗಳದ್ದೂ ಅದೇ. 2015ರಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶದ ಅಧಿಕಾರಿಗಳ ಮಕ್ಕಳೆಲ್ಲ ಸರ್ಕಾರಿ ಶಾಲೆಗೇ ಹೋಗಬೇಕು ಅಂತ ಹೇಳಿತ್ತು. ನಾನು ಆ ಸುದ್ದಿ ಓದಿ ಚಪ್ಪಾಳೆ ಹೊಡೆದೆ. ಹೊಡೆದು, ಮಗನ ಟರ್ಮ್ ಫೀಸ್ ಕಟ್ಟಲು ಹೋದೆ.

ನಮ್ಮಂಥವರು ಸರ್ಕಾರಿ ಶಾಲೆಯ ಒಳಗೆ ಕಾಲಿಡುವುದು ವೋಟು ಹಾಕುವ ದಿನ ಮಾತ್ರ. 2024ರ ಏಪ್ರಿಲ್ 26ರಂದು ನಾನೂ ಹೋಗಿದ್ದೆ, ಲೋಕಸಭೆಗೆ. ಸಾಲು ಉದ್ದ ಇತ್ತು. ಗೋಡೆ ಮೇಲೆ ಬರೆದ ಮಗ್ಗಿ ಓದುತ್ತಾ ನಿಂತಿದ್ದೆ. ಹನ್ನೆರಡರ ಮಗ್ಗಿಯಲ್ಲಿ ಏಳನೇ ಸಾಲಿನಿಂದ ಕೆಳಗೆ ಬಣ್ಣ ಉದುರಿ ಹೋಗಿತ್ತು. ಬಾಗಿಲಿಗೆ ಹೊಸ ರ‍್ಯಾಂಪು, ಇನ್ನೂ ಸಿಮೆಂಟಿನ ವಾಸನೆ. ಕುಡಿಯುವ ನೀರಿನ ಕ್ಯಾನು. ಕರೆಂಟು ವೈರು ಎಳೆದು ಬಲ್ಬ್ ಹಾಕಿದ್ದರು. ಟಾಯ್ಲೆಟ್ ಕಡೆಗೆ ಬಾಣದ ಗುರುತು, ಒಳಗೆ ಫಿನಾಯಿಲ್. ಮತಗಟ್ಟೆ ಅಂದಮೇಲೆ ಇಷ್ಟು ಇರಲೇಬೇಕು ಅಂತ ಚುನಾವಣಾ ಆಯೋಗದ ನಿಯಮವೇ ಇದೆ. ಹದಿನೆಂಟು ತುಂಬಿದವನು ಐದು ನಿಮಿಷ ನಿಲ್ಲುವ ಜಾಗದಲ್ಲಿ ನೀರು, ಬೆಳಕು, ಟಾಯ್ಲೆಟ್ ಇರಬೇಕು. ಆರು ವರ್ಷದ ಮಗು ದಿನವಿಡೀ ಕೂರುವ ಜಾಗದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಇಲ್ಲಿ ನನಗೆ ತಮಾಷೆ ಮಾಡಲು ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದರು. ದಲಿತರ ಮಕ್ಕಳು. ಅದೇ ತಿಂಗಳು ಬೆಂಗಳೂರಿನ ಸರ್ಕಾರಿ ಶಾಲೆಯೊಂದರಲ್ಲಿ ಮಕ್ಕಳ ಕೈಯಲ್ಲಿ ಟಾಯ್ಲೆಟ್ ತೊಳೆಸಿದ್ದು ಹೊರಗೆ ಬಂತು. ಸಸ್ಪೆಂಡ್ ಆಯಿತು, ಕೇಸ್ ಆಯಿತು, ಮಕ್ಕಳಿಂದ ತೊಳೆಸಬಾರದು ಅಂತ ಸುತ್ತೋಲೆ ಬಂತು. ಮತ್ತೆ ಯಾರು ತೊಳೆಯಬೇಕು? ಸರ್ಕಾರಿ ಪ್ರಾಥಮಿಕ ಶಾಲೆಗೆ ಒಬ್ಬ ಜವಾನನ ಹುದ್ದೆಯೂ ಇಲ್ಲ. ಮೊಟ್ಟೆ ಸುಲಿಯಲು 30 ಪೈಸೆ ಲೆಕ್ಕ ಹಾಕಿ ಇಟ್ಟವರಿಗೆ, ಇನ್ನೂರು ಮಕ್ಕಳು ಹೋಗುವ ಟಾಯ್ಲೆಟ್ ತೊಳೆಯಲು ಒಬ್ಬ ಮನುಷ್ಯ ಬೇಕು ಅಂತ ಯಾಕೆ ಹೊಳೆಯಲಿಲ್ಲ? ಹೊಳೆದಿದೆ. ಅಲ್ಲಿ ಕೂರುವ ಮಕ್ಕಳು ನಮ್ಮವರಲ್ಲ, ಅಷ್ಟೇ.

ಮೊನ್ನೆ ಮೆಟ್ಟಿಲ ಹತ್ತಿರ ಮೇಡಂ ಸಿಕ್ಕರು. ಕೈಯಲ್ಲಿ ಚಾರ್ಜರ್, ಪವರ್ ಬ್ಯಾಂಕ್. ಮುಖದ ಹಾಜರಿ ಬರುತ್ತಂತಲ್ಲ ಮೇಡಂ ಅಂದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ.

‘ಸರ್, ನೀವು ಪೇಪರಿಗೆ ಬರೀತೀರಲ್ಲ, ನಿಮಗೆ ಗೊತ್ತಿರುತ್ತೆ. ಪಾಲಿಕೆ ಎಲೆಕ್ಷನ್ ಯಾವಾಗ ಆಗುತ್ತೆ?’

ನನಗೆ ಆಶ್ಚರ್ಯ. ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆ ಆಗಿದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ 2020ಕ್ಕೆ ಮುಗಿಯಿತು. ಈಗ ಒಂದು ಪಾಲಿಕೆ ಹೋಗಿ ಐದಾಗಿದೆ. ಕಾರ್ಪೊರೇಟರ್ ಆಗುವ ಆಸೆ ಇದ್ದವರು ಬಿಟ್ಟರೆ ಇದನ್ನು ಇಷ್ಟು ಕಾಳಜಿಯಿಂದ ಕೇಳಿದವರನ್ನು ನಾನು ನೋಡಿಲ್ಲ.

‘ಯಾಕೆ ಮೇಡಂ, ನಿಲ್ತೀರಾ?’

‘ಅಯ್ಯೋ, ಇಲ್ಲ ಸರ್. ನಮ್ಮ ಶಾಲೆ ಹೆಣ್ಣುಮಕ್ಕಳ ಟಾಯ್ಲೆಟ್‌ಗೆ ಬಾಗಿಲಿಲ್ಲ. ಬೂತ್ ಬಂದ್ರೆ ಹಾಕ್ತಾರೆ.’