ಮೇಷ್ಟ್ರ ಮೊಣಕೈ

ಮೂರು ಜನರ ಸೀಟಲ್ಲಿ ನಾಲ್ಕು ಜನ ಕೂರುವುದು ದಿನಾ ತುಮಕೂರಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡುವ ನಮಗೆಲ್ಲ ಸಲೀಸು. ಆದರೆ ನಾಲ್ವರಲ್ಲಿ ಒಬ್ಬರು ಅನುಲೋಮ ವಿಲೋಮ ಶುರು ಮಾಡಿದರೆ ಲೆಕ್ಕ ತಪ್ಪುತ್ತದೆ. ಪ್ರಾಣಾಯಾಮದಲ್ಲಿ ಮೂಗಿಗಿಂತ ಹೆಚ್ಚು ಜಾಗ ಬೇಡುವುದು ಮೊಣಕೈ.

ನಮ್ಮ ಮೇಷ್ಟ್ರು ಕೂರುವುದು ನನ್ನ ಎಡಕ್ಕೆ. ಕ್ಯಾತ್ಸಂದ್ರ ದಾಟಿತೋ, ಅವರ ಬಲಗೈ ಮೂಗಿಗೇರಿತು. ಹೆಬ್ಬೆರಳಿಂದ ಬಲಹೊಳ್ಳೆ ಮುಚ್ಚಿ ಎಡದಿಂದ ಎಳೆಯುವುದು, ಉಂಗುರ ಬೆರಳಿಂದ ಎಡಹೊಳ್ಳೆ ಮುಚ್ಚಿ ಬಲದಿಂದ ಬಿಡುವುದು. ಹೊಳ್ಳೆ ಬದಲಾದಾಗಲೆಲ್ಲ ನನ್ನ ಪಕ್ಕೆಗೊಂದು ತಿವಿತ. ಹಿರೇಹಳ್ಳಿ ಬರುವಷ್ಟರಲ್ಲಿ ಅವರ ಮನಸ್ಸು ತಿಳಿಯಾಗಿರುತ್ತದೆ, ನನ್ನದು ಕುದಿಯುತ್ತಿರುತ್ತದೆ.

"ಕೋಪ ಬಂದ್ರೆ ಉಸಿರು ಜೋರಾಗುತ್ತಲ್ವಾ? ಉಸಿರನ್ನೇ ನಿಧಾನ ಮಾಡಿಬಿಟ್ರೆ ಕೋಪಕ್ಕೆ ದಾರಿನೇ ಇರಲ್ಲ ಕಣ್ರೀ" ಅನ್ನುತ್ತಾರೆ. ಸುಳ್ಳೇನಲ್ಲ. ಉಸಿರೆಳೆದಾಗ ಎದೆಬಡಿತ ಕೊಂಚ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಬಿಡುವುದನ್ನು ಉದ್ದ ಮಾಡಿದಷ್ಟೂ ವೇಗಸ್ ನರ ಹೃದಯಕ್ಕೆ "ಸ್ವಲ್ಪ ತಡಿಯಪ್ಪ" ಅನ್ನುತ್ತದೆ. ಪಕ್ಕದವನ ಪಕ್ಕೆಗೆ ಏನಾಗುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಇವತ್ತು ದಾಬಸ್‌ಪೇಟೆ ಹತ್ತಿರ ಟಿಸಿ ಬಂದರು. ಮೇಷ್ಟ್ರು ಕುಂಭಕದಲ್ಲಿದ್ದರು. ಅಂದರೆ ಎರಡೂ ಹೊಳ್ಳೆ ಬಂದ್, ಕಣ್ಣೂ ಬಂದ್. "ಪಾಸ್ ತೋರಿಸಿ" ಅಂದರು ಟಿಸಿ. ಮೇಷ್ಟ್ರು ಎಡಗೈ ಎತ್ತಿ ತಡೆಯಿರಿ ಅಂತ ಸನ್ನೆ ಮಾಡಿದರು. ಟಿಸಿ ತಡೆದರು. ಮುಖ ಕೆಂಪಾಯಿತು, ಮೇಷ್ಟ್ರದ್ದು. "ಏನ್ ಸ್ವಾಮಿ, ಪಾಸು?" ಮೇಷ್ಟ್ರು ಮೂಗು ಬಿಡದೆಯೇ ಬಾಯಿಬಿಟ್ಟರು: "ಒದ್ದು ದಿಬಿಷ!"

ಟಿಸಿ ಗಾಬರಿಯಾದರು. "ಮೂಗಲ್ಲಿ ರಕ್ತ ಬರ್ತಿದೆಯೇನ್ರೀ?"

ಅಷ್ಟು ಸಾಕಾಯಿತು. ಎದುರು ಸೀಟಿನ ಅಜ್ಜಿ "ತಲೆ ಮೇಲೆತ್ತಪ್ಪಾ" ಅಂದರು. ನಿಂತಿದ್ದ ಹುಡುಗ "ಬಗ್ಗಿಸ್ಬೇಕು ಅಜ್ಜಿ" ಅಂತ ಮೇಷ್ಟ್ರ ಕತ್ತನ್ನೇ ಹಿಡಿದ. ಕಡಲೆಕಾಯಿ ಮಾರುವವನು ಬುಟ್ಟಿ ನನ್ನ ತೊಡೆ ಮೇಲಿಟ್ಟು "ಈರುಳ್ಳಿ ಐತಾ ಯಾರತ್ರಾನಾದ್ರೂ?" ಅಂತ ಕೂಗಿದ. ಇನ್ಯಾರೋ ಪುಣ್ಯಾತ್ಮರು ಬಾಟಲಿ ಬಿಚ್ಚಿ ಮೇಷ್ಟ್ರ ನೆತ್ತಿಗೆ ನೀರು ಸುರಿದರು. ಅರ್ಧ ಬಿದ್ದದ್ದು ನನ್ನ ಇಸ್ತ್ರಿ ಶರ್ಟಿನ ಮೇಲೆ. ಇಷ್ಟಾದರೂ ಮೇಷ್ಟ್ರು ರೇಚಕವನ್ನು, ಅಂದರೆ ಉಸಿರು ಬಿಡುವುದನ್ನು, ಶಾಸ್ತ್ರೋಕ್ತವಾಗಿ, ಬಲಹೊಳ್ಳೆಯಿಂದಲೇ ಮುಗಿಸಿ, ಕಣ್ತೆರೆದು, ನೀರು ತೊಟ್ಟಿಕ್ಕುವ ಕೈಯಿಂದ ಪಾಸ್ ತೋರಿಸಿದರು. ಒಂದಿಷ್ಟೂ ಸಿಟ್ಟಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸಿದ್ದು.

ಹಿಂದೆ ಇದೇ ಬೋಗಿಯಲ್ಲಿ ಭಜನೆ ಗುಂಪೊಂದಿತ್ತು. ದೇವರನಾಮದ ಒಂದು ಸಾಲು ಮುಗಿಯುವ ತನಕ ಯಾರೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಮಂತ್ರವೋ ಜಪಮಾಲೆಯ ಪ್ರಾರ್ಥನೆಯೋ ಹೇಳುವಾಗ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆಂದು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಧ್ಯಯನವೊಂದು ಬಂದಿತ್ತು. ನಮ್ಮವರು ಅದನ್ನು ಓದದೆಯೇ, ಯಾರ ಪಕ್ಕೆಗೂ ತಿವಿಯದೆ, ಯಶವಂತಪುರದ ತನಕ ಹಾಡುತ್ತಿದ್ದರು. ಒಬ್ಬೊಬ್ಬರೇ ರಿಟೈರಾದರು, ಕೆಲವರು ಬೆಂಗಳೂರಲ್ಲೇ ಮನೆ ಮಾಡಿದರು. ತಾಳ ಹಾಕುತ್ತಿದ್ದವರು ಮೇಷ್ಟ್ರು. ಒಬ್ಬರೇ ಕೂತು ತಾಳ ಹಾಕಲು ಆಗುತ್ತದೆಯೇ?

ಹಾಗಂತ ನನ್ನ ಮನಸ್ಸು ಕರಗುವ ಹೊತ್ತಿಗೆ ಸರಿಯಾಗಿ, ಇಳಿಯುವಾಗ ಹೇಳಿದರು: ಸೋಮವಾರದಿಂದ ಭಸ್ತ್ರಿಕಾ ಪ್ರಾಣಾಯಾಮ ಅಂತೆ. ಎರಡೂ ಕೈ ಮೇಲೆತ್ತಿ ರಭಸವಾಗಿ ಕೆಳಗೆಳೆಯಬೇಕಂತೆ. ಅವರ ಆ ಕಡೆ ಕೂರುವವರಿಗೂ ಈಗಲೇ ಫೋನ್ ಮಾಡಿ ಹೇಳಿದ್ದೇನೆ.